ಪದಚರ್ಚೆ: ‘ಲೆಪೊರೆಲ್ಲೊ’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ:

‘ಸ್ವಾನ್ ಲೇಕ್’ ಬ್ಯಾಲೆಯ ಕಥೆಯನ್ನು ಬರೀ ಚಿತ್ರಗಳಲ್ಲಿ ಹೇಳುವ ಮಕ್ಕಳ ಪುಸ್ತಕವೊಂದಕ್ಕೆ ಕನ್ನಡದಲ್ಲಿ ಬೆನ್ನುಡಿ ಬರೆಯಬೇಕಾಗಿದೆ, ಜೊತೆಗೆ ಗ್ರಂಥಾಲಯದ ಸೂಚಿಗೆ ನಾಲ್ಕು ಸಾಲು. ಒಳಗೆ ಒಂದಕ್ಷರವೂ ಇಲ್ಲ. ಒಂದೇ ಉದ್ದನೆಯ ಕಾಗದವನ್ನು ಹಾರ್ಮೋನಿಯಂ ತಿದಿಯ ಹಾಗೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಚಿ ಎರಡು ರಟ್ಟುಗಳ ನಡುವೆ ಕೂರಿಸಿದ್ದಾರೆ. ಪ್ರಕಾಶಕರು ಇದನ್ನು ‘ಲೆಪೊರೆಲ್ಲೊ’ ಎನ್ನುತ್ತಾರೆ. ‘ಮಡಿಸುವ ಪುಸ್ತಕ’ ಅಂದರೆ ಸಾಕೇ? ‘ವರ್ಡ್‌ಲೆಸ್’ ಎಂಬುದಕ್ಕೆ ‘ಮೂಕ ಪುಸ್ತಕ’, ಬ್ಯಾಲೆಗೆ ‘ನೃತ್ಯರೂಪಕ’, ನರ್ತಕಿ ಪಾಯಿಂಟ್ ಶೂ (ಬ್ಯಾಲೆಯ ಗಟ್ಟಿ ಮೂತಿಯ ಶೂ) ಹಾಕಿ ನಿಂತಿರುವುದಕ್ಕೆ ‘ತುದಿಗಾಲಲ್ಲಿ ನಿಂತು’ ಎಂದು ಬಳಸಬಹುದೇ?

ಉತ್ತರ 1:

ಲೆಪೊರೆಲ್ಲೊ ಒಬ್ಬ ಆಳಿನ ಹೆಸರು. ಮೊಟ್ಸಾರ್ಟ್‌ನ ‘ಡಾನ್ ಜೊವಾನಿ’ (ಪ್ರಾಗ್, 1787) ಆಪೆರಾದಲ್ಲಿ ಧಣಿಯ ಪ್ರಣಯಗಳ ಲೆಕ್ಕ ಇಡುವವನು ಅವನೇ. ಇಟಲಿಯಲ್ಲಿ 640, ಜರ್ಮನಿಯಲ್ಲಿ 231, ಫ್ರಾನ್ಸಿನಲ್ಲಿ 100, ತುರ್ಕಿಯಲ್ಲಿ 91, ಸ್ಪೇನಿನಲ್ಲಂತೂ 1003 ಎಂದು ಹಾಡುತ್ತಾನೆ. ಆ ಪಟ್ಟಿಯನ್ನು ನೆರಿಗೆ ಮಡಚಿದ ಕಾಗದವಾಗಿ ರಂಗಕ್ಕೆ ತಂದು ಉದ್ದಕ್ಕೆ ಚೆಲ್ಲುವ ರೂಢಿ ಇದೆ. ಪುಸ್ತಕದ ಈ ಆಕಾರಕ್ಕೆ ಅವನ ಹೆಸರು ಅಂಟಿಕೊಂಡದ್ದು ಹಾಗೆ. ಮಕ್ಕಳ ಪುಸ್ತಕದ ಬೆನ್ನಿನ ಮೇಲೆ ಈ ಪೂರ್ವಕಥೆ ಇರಲೇಬೇಕೆಂದು ನನಗನ್ನಿಸುವುದಿಲ್ಲ.

ಈ ಆಕಾರ ಕನ್ನಡಕ್ಕೆ ಹೊಸದೂ ಅಲ್ಲ. ‘ಕಡತ’ (‘ಕಡಿತ’ ಎಂದೂ ಉಂಟು) ಮೂಲದಲ್ಲಿ ಇದೇ. ಹತ್ತಿಬಟ್ಟೆಯ ಉದ್ದ ಪಟ್ಟಿಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಮೈಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಕತ್ತರಿಸದೆ, ಅತ್ತ ಒಂದು ಇತ್ತ ಒಂದು ಮಡಿಕೆ ಹಾಕಿ, ಎರಡು ಕೊನೆಗೂ ಮರದ ಹಲಗೆ ಕೂರಿಸುತ್ತಿದ್ದರು. ಬರೆಯುವುದು ಬಳಪದಲ್ಲಿ, ತಪ್ಪಾದರೆ ಒರೆಸಿ ಮತ್ತೆ ಬರೆಯುವುದು. 1810ರಲ್ಲಿ ಮೈಸೂರಿನ ಚರಿತ್ರೆ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಕಡತಗಳು ಬಹಳ ಇವೆ. ಬರ್ಮಾದ ಮಡಿಕೆ ಹಸ್ತಪ್ರತಿ ಕಪ್ಪು ಪರಬೈಕ್ ಇದರ ದಾಯಾದಿ, ಜಪಾನಿನ ಮಡಿಕೆ ಪುಸ್ತಕ ಓರಿಹೋನ್ ದೂರದ ನೆಂಟ.

ತೊಡಕಿರುವುದು ಇಂದಿನ ಅರ್ಥದಲ್ಲಿ. ಕಡತ ಈಗ ಸರ್ಕಾರಿ ಕಚೇರಿಯ ಸ್ವತ್ತು. ‘ಹಂಸದ ಕಡತ’ ಎಂದು ಬರೆದರೆ ಓದುವವರು ತಹಶೀಲ್ದಾರರ ಸಹಿ ಹುಡುಕುತ್ತಾರೆ. ಬೆನ್ನುಡಿಗೆ ‘ನೆರಿಗೆ ಪುಸ್ತಕ’ ಇರಲಿ. ಸೀರೆಯ ನೆರಿಗೆ ಹಿಡಿಯುವುದನ್ನು ಕಂಡ ಯಾವ ಮಗುವಿಗೂ ಮಡಿಕೆ ಹೇಗೆ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಸೂಚಿಯ ವಿವರಣೆಯಲ್ಲಿ ‘ಕಡತದ ಮಡಿಕೆ’ ಎಂದು ಸೇರಿಸಿ. ಹಸ್ತಪ್ರತಿ ಬಲ್ಲವರಿಗೆ ಅದು ತಟ್ಟನೆ ತಿಳಿಯುತ್ತದೆ, ಹಳೆಯ ಅರ್ಥಕ್ಕೂ ಸ್ವಲ್ಪ ಉಸಿರು ಬರುತ್ತದೆ. ‘ಮಡಿಸುವ ಪುಸ್ತಕ’ ತೀರಾ ಸಡಿಲ. ಭೂಪಟವನ್ನೂ ಮಡಿಸುತ್ತೇವೆ, ಬಾಗಿಲಿನಂತೆ ಎರಡು ಕಡೆ ತೆರೆಯುವ ಹಾಳೆಯನ್ನೂ ಮಡಿಸುತ್ತೇವೆ, ಸುರುಳಿಯಂತೆ ಒಳಒಳಗೆ ಮಡಚಿದ ಕರಪತ್ರವನ್ನೂ. ಅವು ಯಾವುವೂ ಇದಲ್ಲ.

ಉತ್ತರ 2 (ರಟ್ಟು ಕಟ್ಟುವವರ ಕಡೆಯಿಂದ):

‘ನೆರಿಗೆ ಪುಸ್ತಕ’ಕ್ಕೆ ನನ್ನದೂ ಒಪ್ಪಿಗೆ. ಆದರೆ ಸೂಚಿಯಲ್ಲಿ ‘16 ಪುಟ’ ಎಂದು ಬರೆಯಬೇಡಿ, ‘16 ಫಲಕ’ ಎನ್ನಿ. ಪುಟ ಅಂದರೆ ತಿರುವುವಂಥದ್ದು. ಇಲ್ಲಿ ತಿರುವುವುದಿಲ್ಲ, ಬಿಡಿಸುತ್ತೇವೆ. ಎರಡು ಅಳತೆ ಕೊಡುವುದು ಪದ್ಧತಿ. ಮಡಚಿದಾಗ 15 ಸೆಂ.ಮೀ. ಅಗಲವಿದ್ದರೆ, 16 ಫಲಕ ಬಿಡಿಸಿದಾಗ 240 ಸೆಂ.ಮೀ. ಎರಡನೆಯ ಅಂಕಿ ಇಲ್ಲದಿದ್ದರೆ ಗ್ರಂಥಾಲಯದವರಿಗೆ ಎಷ್ಟು ಉದ್ದದ ಮೇಜು ಬೇಕೆಂದು ಗೊತ್ತಾಗುವುದಿಲ್ಲ.

ಫಲಕಗಳ ಸಂಖ್ಯೆ ಸಾಮಾನ್ಯವಾಗಿ ಸಮ, ಮಡಿಕೆಗಳ ಸಂಖ್ಯೆ ಅದಕ್ಕಿಂತ ಒಂದು ಕಡಿಮೆ. ಸಮ ಇದ್ದರೆ ಎರಡು ರಟ್ಟುಗಳೂ ಹಾಳೆಯ ಹಿಂಬದಿಗೇ ಅಂಟುತ್ತವೆ, ಚಿತ್ರ ಪೂರ್ತಿ ಒಳಗುಳಿಯುತ್ತದೆ. ಬೆಸ ಇಟ್ಟರೆ ಒಂದು ಕೊನೆಯ ರಟ್ಟು ಚಿತ್ರವಿರುವ ಮೈಯ ಮೇಲೇ ಬಂದು ಕೂರುತ್ತದೆ. ಹಿಂಬದಿಯಲ್ಲೂ ಚಿತ್ರವಿದ್ದರೆ ಅಲ್ಲಿ ಎರಡು ಫಲಕ ಕಡಿಮೆ ಸಿಗುತ್ತದೆ, ಎರಡೂ ತುದಿಯ ಒಂದೊಂದು ಫಲಕ ರಟ್ಟಿನಡಿ ಹೋಗಿರುತ್ತದೆ. ಕ್ರಮವೂ ತಿರುಗುತ್ತದೆ. ಮುಂದಿನ ಕೊನೆಯ ಫಲಕದ ಪಕ್ಕದ್ದರಿಂದ ಹಿಂಬದಿಯ ಕಥೆ ಆರಂಭ. ಇದನ್ನು ಮರೆತು ಫಲಕಗಳಿಗೆ ಅಂಕಿ ಹಾಕಿದರೆ ವಿವರಣೆಯಲ್ಲಿ ರಾಜಕುಮಾರ ಮೊದಲು ಸತ್ತು ಆಮೇಲೆ ಹುಟ್ಟುಹಬ್ಬ ಆಚರಿಸಿಕೊಳ್ಳುತ್ತಾನೆ.

ಪದಕ್ಕೆ ಸಂಬಂಧಿಸಿ ಇನ್ನೊಂದು: ಕಣಿವೆಯಂತೆ ಒಳಗೆ ಬೀಳುವುದಕ್ಕೆ ‘ಒಳಮಡಿಕೆ’, ಏಣಿನಂತೆ ಮೇಲೇಳುವುದಕ್ಕೆ ‘ಹೊರಮಡಿಕೆ’ ಎಂದರೆ ಸಾಕು. ಎರಡು ಮೀಟರಿನಷ್ಟು ಉದ್ದದ ಹಾಳೆ ಒಂದೇ ತುಂಡಾಗಿ ಮುದ್ರಣಯಂತ್ರದಿಂದ ಬರುವುದು ಅಪರೂಪ. ಎರಡು ಮೂರು ಹಾಳೆಗಳನ್ನು ಅಂಟು ಹಚ್ಚಲು 8–10 ಮಿ.ಮೀ. ನಾಲಗೆ ಬಿಟ್ಟು ಜೋಡಿಸುತ್ತಾರೆ. ಆ ಜೋಡಣೆ ಮಡಿಕೆಯ ಗೆರೆಯಲ್ಲೇ ಬಂದರೆ ಕಾಣುವುದಿಲ್ಲ. ಕಾಗದದ ನಾರು ಮಡಿಕೆಗೆ ಸಮಾನಾಂತರವಾಗಿರಬೇಕು. ಅಡ್ಡ ಇದ್ದರೆ, ಅದರಲ್ಲೂ 170 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ದಾಟಿದ ಕಾಗದದಲ್ಲಿ, ಮಡಿಕೆಯ ಮೇಲಿನ ಗಾಢ ಬಣ್ಣ ಬಿರುಕು ಬಿಟ್ಟು ಬಿಳಿ ಗೆರೆ ಮೂಡುತ್ತದೆ. ರಾತ್ರಿಯ ಸರೋವರದ ಕಡುನೀಲಿಯಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಸೂಚಿಯಲ್ಲಿ ‘ಮಡಿಕೆ ಸವೆದಿದೆ’ ಎಂದು ಬರೆಯುವ ಮುನ್ನ ಅದು ಸವೆತವೋ ಹುಟ್ಟಿನಿಂದಲೇ ಬಂದ ಬಿರುಕೋ ನೋಡಿ.

ಮೇಜಿನ ಮೇಲೆ ಅರ್ಧ ಬಿಡಿಸಿ ನಿಲ್ಲಿಸಿದಾಗ ಎಡದಿಂದ ನೋಡಿದವರಿಗೆ ಒಂದು ಬಿಟ್ಟು ಒಂದರಂತೆ ಕೆಲವು ಫಲಕಗಳೇ ಕಾಣುತ್ತವೆ, ಬಲದಿಂದ ನೋಡಿದವರಿಗೆ ಉಳಿದವು. ಈ ಕಥೆಗೆ ಅದು ಹೇಳಿ ಮಾಡಿಸಿದ ಸೌಕರ್ಯ: ಒಂದು ಬದಿಯಲ್ಲಿ ಹಂಸವಾದ ರಾಜಕುಮಾರಿ ಒಡೆಟ್, ಇನ್ನೊಂದರಲ್ಲಿ ರಾಜಕುಮಾರನನ್ನು ಮೋಸಗೊಳಿಸಲು ಬಂದ, ಅವಳಂತೆಯೇ ಇರುವ ಒಡೀಲ್. ನಿಮ್ಮ ಪುಸ್ತಕದಲ್ಲಿ ಹಾಗೆ ಮಾಡಿದ್ದರೆ ಬೆನ್ನುಡಿಯಲ್ಲಿ ‘ಎರಡೂ ಪಕ್ಕದಿಂದ ನೋಡಿ’ ಎಂದು ಒಂದು ಮಾತು ಹಾಕಿ, ಇಲ್ಲವಾದರೆ ಹೆಚ್ಚಿನವರು ಪೂರ್ತಿ ಚಪ್ಪಟೆ ಹಾಸಿ ನೋಡಿ ಮುಗಿಸುತ್ತಾರೆ.

ಉತ್ತರ 3 (ನೃತ್ಯದ ಪದಗಳ ಬಗ್ಗೆ):

‘ನೃತ್ಯರೂಪಕ’ ಬೇಡ. ನಮ್ಮಲ್ಲಿ ನೃತ್ಯರೂಪಕವನ್ನೂ ಬ್ಯಾಲೆ ಎಂದು ಕರೆಯುವುದು ರೂಢಿಯಾಗಿ ಈ ಗೊಂದಲ ಬಂದಿದೆ. ನೃತ್ಯರೂಪಕಕ್ಕೆ ಹಾಡು ಇರುತ್ತದೆ, ಸಾಹಿತ್ಯವೇ ಕಥೆ ನಡೆಸುತ್ತದೆ. ‘ಸ್ವಾನ್ ಲೇಕ್’ನಲ್ಲಿ ಹಾಡುವವರೇ ಇಲ್ಲ. ‘ಬ್ಯಾಲೆ’ ಎಂದೇ ಬರೆಯಿರಿ, ‘ಬ್ಯಾಲೆಟ್’ ಅಲ್ಲ. ಫ್ರೆಂಚಿನಲ್ಲಿ ಕೊನೆಯ ‘ಟ’ಕಾರ ಉಚ್ಚಾರಣೆಯಲ್ಲಿಲ್ಲ.

‘ತುದಿಗಾಲು’ ತಪ್ಪರ್ಥ ಕೊಡುತ್ತದೆ. ಹಿಮ್ಮಡಿ ಎತ್ತಿ ಬೆರಳುಗಳ ಬುಡದ ಮೇಲೆ ಭಾರ ಹಾಕಿ ನಿಲ್ಲುವುದು ತುದಿಗಾಲು, ಅದು ಬ್ಯಾಲೆಯ ಡೆಮಿ ಪಾಯಿಂಟ್. ಪಾಯಿಂಟ್ ಅಂದರೆ ಕಾಲ್ಬೆರಳ ತುದಿಯ ಮೇಲೆಯೇ, ಪಾದ ನೆಟ್ಟಗೆ. ‘ಬೆರಳ ತುದಿಯ ಮೇಲೆ ನಿಂತು’ ಎಂದರೆ ಸರಿಹೋಗುತ್ತದೆ. ಶೂ ಒಳಗೆ ಮರದ ತುಂಡು ಇದೆ ಎಂದು ವಿವರಣೆಗಳಲ್ಲಿ ಬರೆಯುವವರಿದ್ದಾರೆ. ಸಾಂಪ್ರದಾಯಿಕ ಶೂ ಮೂತಿ ಗಟ್ಟಿಯಾಗುವುದು ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟಿನಲ್ಲಿ ಒಣಗಿಸುವುದರಿಂದ.

‘ಸ್ವಾನ್ ಲೇಕ್’ನ ಮೊದಲ ಪ್ರಯೋಗ 1877ರಲ್ಲಿ ಮಾಸ್ಕೋದ ಬೊಲ್ಶೊಯ್ ರಂಗಮಂದಿರದಲ್ಲಿ. ಆದರೆ ಇಂದಿನ ಹೆಚ್ಚಿನ ಪ್ರಯೋಗಗಳ ಬೇರು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೃತ್ಯ ಸಂಯೋಜಕರಾದ ಪೆತಿಪಾ ಮತ್ತು ಇವಾನೊವ್ 1895ರಲ್ಲಿ ಹೊಸದಾಗಿ ಕಟ್ಟಿದ್ದು. ಆಗ ಎರಡೂ ಪಾತ್ರ ಮಾಡಿದ ಪಿಯೆರಿನಾ ಲೆನ್ಯಾನಿ ಒಡೀಲ್ ಆಗಿ 32 ಫ್ವೆಟ್ಟೆ (ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲು ಬೀಸಿ ತಿರುಗುವ ಸುತ್ತು) ಸುತ್ತಿದಳು. ಚಿತ್ರಕಾರರು ಇದನ್ನು ಸಾಲು ಫಲಕಗಳಲ್ಲಿ ಒಂದೇ ಆಕೃತಿಯನ್ನು ಮತ್ತೆ ಮತ್ತೆ ಬರೆದು ತೋರಿಸುವುದುಂಟು. ವಿವರಣೆಯಲ್ಲಿ ‘ಎಂಟು ನರ್ತಕಿಯರು’ ಎಂದು ಬರೆದುಬಿಟ್ಟರೆ ಕಥೆ ಕೆಡುತ್ತದೆ. ಗುರುತಿಸುವುದು ಸುಲಭ: ಸಮೂಹದ ಹಂಸಗಳಾದರೆ ಎಲ್ಲರ ಭಂಗಿ ಒಂದೇ, ಒಬ್ಬಳೇ ತಿರುಗುತ್ತಿದ್ದರೆ ಕಾಲು ಕೈಗಳ ಸ್ಥಾನ ಹಂತಹಂತವಾಗಿ ಬದಲಾಗುತ್ತದೆ. ಕೈ ಕೈ ಹೆಣೆದ ನಾಲ್ವರು ಸಾಲಾಗಿದ್ದರೆ ಅದು ಎರಡನೇ ಅಂಕದ ಮರಿಹಂಸಗಳ ನೃತ್ಯ.

ಕೈಸನ್ನೆಗಳಿಗೆ ‘ಮುದ್ರೆ’ ಎನ್ನಬೇಡಿ, ನಮ್ಮ ಓದುಗರು ಬೆರಳುಗಳನ್ನು ನೋಡಲು ಹೋಗುತ್ತಾರೆ. ಬ್ಯಾಲೆಯಲ್ಲಿ ಮಾತಾಡುವುದು ಇಡೀ ತೋಳು. ‘ಮೂಕಾಭಿನಯ’ ಸರಿಯಾದ ಪದ. ಮುಷ್ಟಿ ಹಿಡಿದು ಮಣಿಕಟ್ಟುಗಳನ್ನು ಮುಂದೆ ಕೆಳಗೆ ಅಡ್ಡ ಹಾಕಿದರೆ ಸಾವು. ಅದನ್ನು ‘ಚಳಿಗೆ ಕೈಕಟ್ಟಿ ನಿಂತಿದ್ದಾಳೆ’ ಎಂದು ಓದುವುದು ಸಾಮಾನ್ಯ ತಪ್ಪು. ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ಸುತ್ತಿಸಿದರೆ ನೃತ್ಯ, ಉಂಗುರಬೆರಳು ತೋರಿಸಿದರೆ ಮದುವೆ, ಎರಡು ಬೆರಳು ಮೇಲೆತ್ತಿದರೆ ಆಣೆ. ಮೂರನೇ ಅಂಕದಲ್ಲಿ ರಾಜಕುಮಾರ ಒಡೀಲ್‌ಳನ್ನು ಒಡೆಟ್ ಎಂದುಕೊಂಡು ಎತ್ತುವುದು ಆ ಎರಡು ಬೆರಳುಗಳನ್ನೇ, ಕಥೆ ತಿರುಗುವುದು ಅಲ್ಲಿ. ತಾಯಿಯ ಕಣ್ಣೀರಿನಿಂದ ಸರೋವರವಾಯಿತೆಂದು ಒಡೆಟ್ ಕೈಯಲ್ಲಿ ಹೇಳುವ ಭಾಗವನ್ನು ರಷ್ಯದ ಹಲವು ಪ್ರಯೋಗಗಳು ಕೈಬಿಟ್ಟಿವೆ, ಲಂಡನ್ನಿನ ರಾಯಲ್ ಬ್ಯಾಲೆ ಉಳಿಸಿಕೊಂಡಿದೆ. ಪುಸ್ತಕದಲ್ಲಿ ಅದು ಇಲ್ಲದಿದ್ದರೆ ಫಲಕ ಕಳೆದಿದೆ ಎಂದು ಗಾಬರಿಯಾಗಬೇಡಿ.

ಇನ್ನು ‘ಮೂಕ ಪುಸ್ತಕ’. ಮೂಕಾಭಿನಯ, ಮೂಕಿಚಿತ್ರ ನಿಂತಿವೆ, ನಿಜ. ಆದರೆ ಪುಸ್ತಕಕ್ಕೆ ‘ಮೂಕ’ ಸೇರಿಸಿದರೆ ಏನೋ ಕೊರತೆಯಂತೆ ಕೇಳುತ್ತದೆ. ‘ಚಿತ್ರಕಥೆ’ಯನ್ನು ಸಿನಿಮಾದವರು ಆಗಲೇ ಹಿಡಿದಿದ್ದಾರೆ. ‘ಪದರಹಿತ’ವನ್ನು ‘ಪದರ’ಕ್ಕೆ ‘ಹಿತ’ ಎಂದು ಓದುವ ಅಪಾಯ, ಅದೂ ಮಡಿಕೆಯ ಪುಸ್ತಕದ ಮೇಲೆ! ‘ಮಾತಿಲ್ಲದ’ ಎಂಬುದು ನನ್ನ ಆಯ್ಕೆ. ಬರಹಕ್ಕೂ ಸಂಭಾಷಣೆಗೂ ಒಟ್ಟಿಗೆ ಸಲ್ಲುತ್ತದೆ.

ಸೂಚಿಗೆ ಹೀಗೆ: ‘ಹಂಸ ಸರೋವರ (ಸ್ವಾನ್ ಲೇಕ್). ಮಾತಿಲ್ಲದ ನೆರಿಗೆ ಪುಸ್ತಕ. ಬ್ಯಾಲೆಯ ಕಥೆ. 16 ಫಲಕ, ಕಡತದ ಮಡಿಕೆ, ಬಿಡಿಸಿದಾಗ 240 ಸೆಂ.ಮೀ.’ ಅಂಕಿಗಳನ್ನು ನಿಮ್ಮ ಪ್ರತಿಯನ್ನು ಅಳೆದು ತಿದ್ದಿಕೊಳ್ಳಿ. ಶೀರ್ಷಿಕೆ ಎರಡೂ ರೂಪದಲ್ಲಿರಲಿ, ಹುಡುಕುವವರಲ್ಲಿ ಅರ್ಧ ಜನ ‘ಸ್ವಾನ್’ ಎಂದೇ ಬೆರಳಚ್ಚಿಸುತ್ತಾರೆ.