ಟ್ರಕ್ ಯಾವುದು, ಎಷ್ಟು ಬಿಗಿ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ವಿಷಯ ಲಾಂಗ್‌ಬೋರ್ಡ್ ಟ್ರಕ್. ಹೊಸಬರಿಗೆ ಹೇಳುವುದಾದರೆ, ಡೆಕ್ ಕೆಳಗೆ ಚಕ್ರ ಹಿಡಿದುಕೊಂಡು, ನೀವು ವಾಲಿದ ಕಡೆ ಬೋರ್ಡನ್ನು ತಿರುಗಿಸುವ ಲೋಹದ ಭಾಗವೇ ಟ್ರಕ್. ಬೋರ್ಡ್ ಕಟ್ಟಿ, ರಿಪೇರಿ ಮಾಡಿ, ಮಕ್ಕಳಿಗೆ ಕಲಿಸುವ ನಮ್ಮ ಗುಂಪಿನ ಅಣ್ಣ ಸಂಜೆವರೆಗೆ ಉತ್ತರ ಕೊಡುತ್ತಾರೆ. ಕೇಳುವಾಗ ತೂಕ, ಡೆಕ್ ಅಗಲ, ಎಲ್ಲಿ ಓಡಿಸುತ್ತೀರಿ ಅನ್ನುವುದನ್ನು ಬರೆಯಿರಿ.

ಮೈಸೂರಿನ ಸದಸ್ಯೆ: ಅಣ್ಣ, ಇದು ನನ್ನ ಮೊದಲ ಬೋರ್ಡ್. 58 ಕೆಜಿ. ಡೆಕ್ 9.5 ಇಂಚು. ಬೆಳಿಗ್ಗೆ ಬಡಾವಣೆಯ ಸಮತಟ್ಟು ರಸ್ತೆಯಲ್ಲಿ ಓಡಿಸುವುದು ಅಷ್ಟೆ. ಆರ್‌ಕೆಪಿ, ಟಿಕೆಪಿ ಎರಡರಲ್ಲಿ ಯಾವುದು ತೆಗೆದುಕೊಳ್ಳಲಿ?

ಅಣ್ಣ: ಆರ್‌ಕೆಪಿ ತಗೊಳ್ಳಿ. ಟ್ರಕ್ ನಡುವೆ ಒಂದು ದಪ್ಪ ಬೋಲ್ಟ್ ಇರುತ್ತದೆ, ಅದೇ ಕಿಂಗ್‌ಪಿನ್. ಟಿಕೆಪಿಯಲ್ಲಿ, ಅಂದರೆ ಟ್ರೆಡಿಶನಲ್ ಕಿಂಗ್‌ಪಿನ್ ಟ್ರಕ್ಕಿನಲ್ಲಿ, ಅದು ಬೋರ್ಡಿನ ಮಧ್ಯಕ್ಕೆ ಮುಖ ಮಾಡಿರುತ್ತದೆ. ಸ್ಕೇಟ್‌ಬೋರ್ಡಿನಲ್ಲಿ ನೋಡುವುದು ಇದನ್ನೇ. ಎತ್ತರ ಕಡಿಮೆ, ಟ್ರಿಕ್ಸ್‌ಗೆ ಚೆನ್ನಾಗಿರುತ್ತದೆ. ಆರ್‌ಕೆಪಿ (ರಿವರ್ಸ್ ಕಿಂಗ್‌ಪಿನ್) ಟ್ರಕ್ಕಿನಲ್ಲಿ ಅದು ಹೊರಗಡೆ, ಅಂದರೆ ಬೋರ್ಡಿನ ತುದಿಗಳ ಕಡೆ ನೋಡುತ್ತದೆ. ಆಳವಾಗಿ ವಾಲಬಹುದು, ತಿರುವು ಒಂದೇ ಸಮ ಬರುತ್ತದೆ, ವೇಗ ಜಾಸ್ತಿಯಾದಾಗ ನಂಬಬಹುದು.

ಡೆಕ್ 9ರಿಂದ 10 ಇಂಚು ಇದ್ದರೆ 180 ಮಿ.ಮೀ. ಹ್ಯಾಂಗರ್ (ಚಕ್ರದ ಅಚ್ಚು ಹಿಡಿದಿರುವ ಅಡ್ಡ ಭಾಗ), ಎಂಟೂವರೆ ಹತ್ತಿರ ಇದ್ದರೆ 150. ನಿಮಗೆ 180, ಜೊತೆಗೆ 50 ಡಿಗ್ರಿ ಕೋನದ ಬೇಸ್‌ಪ್ಲೇಟ್, ಅಂದರೆ ಟ್ರಕ್ಕನ್ನು ಡೆಕ್ಕಿಗೆ ಹಿಡಿಯುವ ತಟ್ಟೆ. ಪ್ಯಾರಿಸ್, ಕ್ಯಾಲಿಬರ್ ಎರಡೂ ಕಂಪನಿಗಳಲ್ಲಿ 50 ಡಿಗ್ರಿಯದು ಸಿಗುತ್ತದೆ. ಆದರೆ ಅವುಗಳ ಜೊತೆ ಬರುವ ಬುಶಿಂಗ್ (ಕಿಂಗ್‌ಪಿನ್‌ಗೆ ಸಿಕ್ಕಿಸಿದ, ರಬ್ಬರಿನಂಥ ಯುರೆಥೇನ್ ಉಂಗುರ) 90ಎ ಹತ್ತಿರದ್ದು, ನಿಮ್ಮ ತೂಕಕ್ಕೆ ಸ್ವಲ್ಪ ಗಟ್ಟಿ. ಎ ಸಂಖ್ಯೆ ಹೆಚ್ಚಾದಷ್ಟೂ ಗಟ್ಟಿ. ಒಂದು ವಾರ ಓಡಿಸಿ ನೋಡಿ. ಬೋರ್ಡ್ ತಿರುಗಲು ಹಟ ಮಾಡಿದರೆ 83ಎ ಅಥವಾ 85ಎ ಹಾಕಿಸಿ. ಟ್ರಕ್ ಬದಲಿಸಬೇಡಿ, ಬುಶಿಂಗ್ ಬದಲಿಸಿ.

ಹುಬ್ಬಳ್ಳಿಯ ಸದಸ್ಯ: 50 ಡಿಗ್ರಿ ಅಥವಾ 44? 72 ಕೆಜಿ ಇದ್ದೇನೆ.

ಅಣ್ಣ: ಆರಾಮಾಗಿ ಸುತ್ತಾಡಲು 50. ಇಳಿಜಾರು, ವೇಗ ಅಂದರೆ 44. ಕೋನ ಕಡಿಮೆಯಾದಷ್ಟೂ ಅಷ್ಟೇ ತಿರುವಿಗೆ ಹೆಚ್ಚು ವಾಲಬೇಕು. ಅದೇ ಸ್ಥಿರತೆ.

ದಾವಣಗೆರೆಯ ತಂದೆ: ಸರ್, ಮಗಳಿಗೆ 13 ವರ್ಷ, 46 ಕೆಜಿ. ಹಳೆಯ ಲಾಂಗ್‌ಬೋರ್ಡ್ ಕೊಂಡೆವು. ಬಿಚ್ಚಿಟ್ಟ ಸ್ಥಿತಿಯಲ್ಲಿ ಬಂತು. ನಾನೇ ಜೋಡಿಸಿದೆ. ಮೊದಲ ದಿನವೇ ಗಡಗಡ ಓಲಾಡಿತು, ಬಿದ್ದಳು. ಆಮೇಲೆ ಕಿಂಗ್‌ಪಿನ್ ನಟ್ ಪೂರ್ತಿ ಬಿಗಿ ಮಾಡಿದೆ. ಸಮತಟ್ಟಿನಲ್ಲಿ ಈಗ ಸರಿ ಹೋಗುತ್ತದೆ. ಆದರೆ ನಮ್ಮ ಬೀದಿಯ ಸಣ್ಣ ಇಳಿಜಾರಿನಲ್ಲಿ ಮತ್ತೆ ಎರಡು ಸಲ ಬಿದ್ದಳು. ಮೊಣಕೈ ಸುಲಿದಿದೆ. "ನನಗೆ ಬ್ಯಾಲೆನ್ಸ್ ಬರಲ್ಲ ಅಪ್ಪ" ಅನ್ನುತ್ತಿದ್ದಾಳೆ. ಯಾವ ಹೊಸ ಟ್ರಕ್ ಹಾಕಿಸಲಿ?

ಅಣ್ಣ: ಹೊಸದು ಕೊಳ್ಳಬೇಡಿ. ಇವತ್ತು ಅವಳನ್ನು ಬೋರ್ಡ್ ಮೇಲೆ ಹತ್ತಿಸಲೂಬೇಡಿ. ಎರಡು ವಿಷಯ ಹೇಳಿ. ಅವಳು ಯಾವ ಕಾಲು ಮುಂದಿಟ್ಟು ನಿಲ್ಲುತ್ತಾಳೆ? ಬಿದ್ದದ್ದು ಮುಖದ ಕಡೆಗೋ ಬೆನ್ನ ಕಡೆಗೋ? ಜೊತೆಗೆ ಬೋರ್ಡನ್ನು ಮಗುಚಿ ಒಂದು ಫೋಟೋ ಹಾಕಿ. ಎರಡೂ ಟ್ರಕ್ ಕಾಣಬೇಕು.

ತುಮಕೂರಿನ ಸದಸ್ಯ: ಎಲ್ಲರಿಗೂ ಉಪಯೋಗವಾಗಲಿ ಅಂತ ನನಗೆ ಬಂದ ಫಾರ್ವರ್ಡ್ ಹಾಕುತ್ತಿದ್ದೇನೆ. "ಬೋರ್ಡ್ ಓಲಾಡಿದರೆ ಕಿಂಗ್‌ಪಿನ್ ನಟ್ ಕೊನೆವರೆಗೆ ಬಿಗಿ ಮಾಡಿ. ತಿರುಗದಿದ್ದರೆ ಬುಶಿಂಗ್ ಅನ್ನು ಕುದಿಯುವ ನೀರಲ್ಲಿ 10 ನಿಮಿಷ ಹಾಕಿ, ಕೊಬ್ಬರಿ ಎಣ್ಣೆ ಹಚ್ಚಿ. ಬೇರಿಂಗ್‌ಗೆ ಡಬ್ಲ್ಯೂಡಿ-40 ಹೊಡೆದು ಹಾಗೇ ಬಿಡಿ. ನಟ್‌ಗಳು ಯಾವಾಗಲೂ ಒಂದನ್ನೊಂದು ನೋಡುವಂತೆ ಟ್ರಕ್ ಜೋಡಿಸಿ."

ಅಣ್ಣ: ಇದನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ನಟ್ ಕೊನೆವರೆಗೆ ತಿರುಗಿಸಿದರೆ ಬುಶಿಂಗ್ ಹಿಂಡಿಹೋಗುತ್ತದೆ. ವಾಲಿದ ಟ್ರಕ್ಕನ್ನು ಮಧ್ಯಕ್ಕೆ ವಾಪಸ್ ತರುವುದೇ ಬುಶಿಂಗಿನ ಕೆಲಸ, ಹಿಂಡಿದ ಮೇಲೆ ಅದು ಆಗುವುದಿಲ್ಲ. ಕುದಿಯುವ ನೀರು ಯುರೆಥೇನನ್ನು ಹಾಳು ಮಾಡುತ್ತದೆ. ಎಣ್ಣೆಗೆ ಧೂಳು ಮೆತ್ತಿಕೊಳ್ಳುತ್ತದೆ, ಅಷ್ಟೆ. ಡಬ್ಲ್ಯೂಡಿ-40 ಹೊಡೆದರೆ ಬೇರಿಂಗ್ ಒಳಗಿದ್ದ ಗ್ರೀಸ್ ತೊಳೆದು ಹೋಗುತ್ತದೆ. ಕೊನೆಯ ಸಾಲು ಟಿಕೆಪಿಗೆ ಮಾತ್ರ ಸರಿ. ಆರ್‌ಕೆಪಿಗೆ ಹಾಗೆ ಮಾಡಿದರೆ ಮೂಳೆ ಮುರಿಯುತ್ತದೆ.

ದಾವಣಗೆರೆಯ ತಂದೆ: ಸರ್, ಅದೇ ಮೆಸೇಜ್ ಪಕ್ಕದ ಮನೆಯವರು ನನಗೂ ಕಳಿಸಿದ್ದರು. ಅದನ್ನು ನೋಡಿಯೇ ಜೋಡಿಸಿದ್ದು. ಎಡಗಾಲು ಮುಂದಿಡುತ್ತಾಳೆ. ಮೂರು ಸಲವೂ ಮುಖದ ಕಡೆಗೇ ಬಿದ್ದಳು. ಫೋಟೋ ಹಾಕಿದ್ದೇನೆ.

ಇಂದಿರಾನಗರದ ಸದಸ್ಯ: ಟಿಕೆಪಿ ಅಂದರೆ ಟ್ರಿಕ್ಸ್‌ಗೆ ಮಾತ್ರ ಅನ್ನುವ ಮಾತು ಒಪ್ಪುವುದಿಲ್ಲ. ಇಂಡಿಪೆಂಡೆಂಟ್ 169 ಅನ್ನುವ ಟಿಕೆಪಿ ಟ್ರಕ್ ಹಾಕಿಕೊಂಡು ಐದು ವರ್ಷದಿಂದ ಓಡಿಸುತ್ತಿದ್ದೇನೆ. ಒಂದು ದಿನವೂ ಓಲಾಡಿಲ್ಲ.

ರಾಜಾಜಿನಗರದ ಸದಸ್ಯ: ಗಂಟೆಗೆ 15 ಕಿ.ಮೀ. ವೇಗದಲ್ಲಿ ಯಾವ ಟ್ರಕ್ ಓಲಾಡುತ್ತದೆ ಗುರೂ? ನಂದಿಬೆಟ್ಟದ ರಸ್ತೆಗೆ ಬಾ, ಆಮೇಲೆ ಮಾತಾಡೋಣ.

ಇಂದಿರಾನಗರದ ಸದಸ್ಯ: ಎಲ್ಲರೂ ಬೆಟ್ಟ ಇಳಿಯುವವರೇ ಅಂದುಕೊಂಡಿದ್ದೀರಾ? ಊರಲ್ಲಿ ಓಡಿಸುವವರಿಗೆ ಬೋರ್ಡ್ ತಗ್ಗಾಗಿದ್ದರೆ ಕಾಲಿಗೆ ಸುಲಭ. ಟಿಕೆಪಿ ತಗ್ಗು.

ರಾಜಾಜಿನಗರದ ಸದಸ್ಯ: ತಗ್ಗು ಬೇಕಾದರೆ ಡ್ರಾಪ್-ಥ್ರೂ ಡೆಕ್‌ಗೆ, ಅಂದರೆ ಟ್ರಕ್ ತೂತಿನೊಳಗೆ ಕೂರುವ ಡೆಕ್‌ಗೆ, ಆರ್‌ಕೆಪಿ ಹಾಕು. ಅದಕ್ಕಿಂತ ತಗ್ಗು ಬೇಕಾ?

ಹಾಸನದ ಸದಸ್ಯ: ನನ್ನ ಎಲೆಕ್ಟ್ರಿಕ್ ಬೋರ್ಡಿಗೆ ಮೋಟರ್ ಕೂರಿಸಲು ಯಾವ ಹ್ಯಾಂಗರ್ ಒಳ್ಳೆಯದು?

ಅಣ್ಣ: ದಾವಣಗೆರೆಯ ಸರ್, ಫೋಟೋ ನೋಡಿದೆ. ನನ್ನ ಅನುಮಾನ ನಿಜವಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನವಾಗಿ ಓದಿ.

ನಿಮ್ಮದು ಆರ್‌ಕೆಪಿ ಟ್ರಕ್. ಎರಡನ್ನೂ ತಿರುಗುಮುರುಗು ಕೂರಿಸಿದ್ದೀರಿ. ನಟ್‌ಗಳು ಒಂದನ್ನೊಂದು ನೋಡುತ್ತಿವೆ, ಆದರೆ ಅವು ಬೋರ್ಡಿನ ತುದಿಗಳ ಕಡೆ ನೋಡಬೇಕಿತ್ತು. ಹೀಗಿದ್ದರೆ ಬೋರ್ಡ್ ವಾಲಿದ ಕಡೆ ಹೋಗುವುದಿಲ್ಲ, ಅದರ ಎದುರು ಕಡೆಗೆ ಹೋಗುತ್ತದೆ. ಎಡಗಾಲು ಮುಂದಿಟ್ಟವರ ಕಾಲ್ಬೆರಳು ಬಲಕ್ಕಿರುತ್ತವೆ. ಮಗಳು ಕಾಲ್ಬೆರಳ ಮೇಲೆ ಭಾರ ಹಾಕುತ್ತಾಳೆ, ಬೋರ್ಡ್ ಬಲಕ್ಕೆ ಬಂದು ಅವಳ ಅಡಿಗೇ ಬರಬೇಕು. ಬದಲಿಗೆ ಎಡಕ್ಕೆ ಜಾರಿ ಹೋಗುತ್ತದೆ. ಮೈ ಒಂದು ಕಡೆ, ಬೋರ್ಡ್ ಇನ್ನೊಂದು ಕಡೆ. ಅದಕ್ಕೇ ಮೂರು ಸಲವೂ ಮುಖದ ಕಡೆ ಬಿದ್ದಳು. ಇಂಥ ಬೋರ್ಡ್ ಮೇಲೆ ನಾನು ನಿಂತರೂ ಬೀಳುತ್ತೇನೆ.

ನಟ್ ಬಿಗಿ ಮಾಡಿದಾಗ ಸರಿಯಾದಂತೆ ಕಂಡದ್ದು ಯಾಕೆ ಅಂದರೆ, ಆಗ ಟ್ರಕ್ ತಿರುಗುವುದನ್ನೇ ನಿಲ್ಲಿಸಿತು. ತಪ್ಪು ಹೋಗಲಿಲ್ಲ, ಮುಚ್ಚಿಹೋಯಿತು. ಇಳಿಜಾರಲ್ಲಿ ಹೆದರಿ ಜೋರಾಗಿ ವಾಲಿದಾಗ ಮತ್ತೆ ಹೊರಬಂತು. ನನಗೆ ಭಯವಾಗಿದ್ದೂ ಇದಕ್ಕೇ. ಇನ್ನೂ ದೊಡ್ಡ ಇಳಿಜಾರಿಗೆ ಹೋಗಿದ್ದರೆ?

ಒಂದು ಪರೀಕ್ಷೆ ಮಾಡಿ. ನಟ್ ಸಡಿಲಿಸಿ, ಬೋರ್ಡನ್ನು ನೆಲದ ಮೇಲಿಟ್ಟು ಬಲ ಅಂಚನ್ನು ಕೈಯಿಂದ ಒತ್ತಿ. ಬಲಗಡೆಯ ಮುಂದಿನ ಚಕ್ರ, ಹಿಂದಿನ ಚಕ್ರ ಹತ್ತಿರ ಬರಬೇಕು. ದೂರ ಹೋದರೆ ಟ್ರಕ್ ಉಲ್ಟಾ. ಒಂದು ಹತ್ತಿರ ಬಂದು ಇನ್ನೊಂದು ದೂರ ಹೋದರೆ ಒಂದು ಮಾತ್ರ ಉಲ್ಟಾ, ಆಗ ಬೋರ್ಡ್ ಏಡಿಯಂತೆ ಅಡ್ಡಡ್ಡ ಹೋಗುತ್ತದೆ. ಎಲ್ಲರೂ ಮನೆಯಲ್ಲಿ ಮಾಡಿ ನೋಡಿ, ಯಾವ ಟ್ರಕ್ಕಿಗಾದರೂ ಇದು ಸರಿ.

ರಿಪೇರಿ ಸುಲಭ. ಡೆಕ್ಕಿಗೆ ಹಿಡಿದ ಎಂಟು ಬೋಲ್ಟ್ ಬಿಚ್ಚಿ, ಪ್ರತಿ ಟ್ರಕ್ಕನ್ನೂ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ. ಆ ಸಣ್ಣ ನಟ್‌ಗಳಿಗೆ 3/8 ಇಂಚು, ಕಿಂಗ್‌ಪಿನ್‌ಗೆ 9/16 ಇಂಚು ಸ್ಪ್ಯಾನರ್ ಬೇಕು. ಮನೆಯಲ್ಲಿರುವ 14 ನಂಬರ್ ಹೋಗುವುದಿಲ್ಲ, 15 ನಂಬರ್ ಜಾರಿ ನಟ್ ಮೂಲೆ ತಿಂದುಬಿಡುತ್ತದೆ. ಬುಶಿಂಗ್ ಹೊರತೆಗೆದು ನೋಡಿ. ಬಿರುಕು ಬಿಟ್ಟಿದ್ದರೆ, ನಡು ಉಬ್ಬಿದ್ದರೆ ಬಿಸಾಡಿ. 46 ಕೆಜಿಗೆ 78ಎ ಅಥವಾ 80ಎ ಸಾಕು. ಕಲಿಯುವವರಿಗೆ ಎರಡೂ ಬ್ಯಾರಲ್ ಆಕಾರದ್ದಿರಲಿ. ಕೋನ್ ಹಾಕಿದರೆ ಬೇಗ ತಿರುಗುತ್ತದೆ, ಅದು ಆಮೇಲೆ. ಕೂರಿಸುವ ಕ್ರಮ ಹೀಗೆ: ಬೇಸ್‌ಪ್ಲೇಟ್, ಒಂದು ಬುಶಿಂಗ್, ಹ್ಯಾಂಗರ್, ಇನ್ನೊಂದು ಬುಶಿಂಗ್, ವಾಷರ್, ನಟ್. ವಾಷರ್ ಬೆರಳಿಂದ ತಿರುಗದಷ್ಟು ಬಿಗಿ ಮಾಡಿ, ಅಲ್ಲಿಂದ ಇನ್ನು ಅರ್ಧ ಸುತ್ತು ಬಿಗಿ. ಸಾಕು. ಇವತ್ತೇ ಮಾಡಿ ಇಲ್ಲಿ ಹೇಳಿ. ಕಾಯುತ್ತಿರುತ್ತೇನೆ.

ಮೂಲ್ಕಿಯ ಸದಸ್ಯ: ಮಾರಾಯ್ರೇ, ನಾನು ಸರ್ಫ್ ಮಾಡುವವನು. ಅಲೆ ಇಲ್ಲದ ದಿನ ಅಭ್ಯಾಸಕ್ಕೆ ಕಾರ್ವರ್ ಕಂಪನಿಯ ಸಿ7 ಟ್ರಕ್ ಒಳ್ಳೆಯದಾ, ಸಿಎಕ್ಸ್ ಒಳ್ಳೆಯದಾ?

ಅಣ್ಣ: ಅಲೆ ಹತ್ತಿದಂತೆ ಅನಿಸಬೇಕಾದರೆ ಸಿ7. ಮುಂದಿನ ಟ್ರಕ್ಕಿಗೆ ಸ್ಪ್ರಿಂಗ್ ಇರುವ ತೋಳಿದೆ, ಕಾಲು ನೆಲಕ್ಕೆ ತಾಗಿಸದೆ ಪಂಪ್ ಮಾಡುತ್ತಾ ಹೋಗಬಹುದು. ತೂಕ, ಎತ್ತರ ಎರಡೂ ಜಾಸ್ತಿ. ಸಿಎಕ್ಸ್‌ನಲ್ಲಿ ಸ್ಪ್ರಿಂಗ್ ಇಲ್ಲ, ಹಗುರ, ನೋಡಿಕೊಳ್ಳುವುದು ಸುಲಭ. ನಿಮ್ಮದು ಕಡಲ ತೀರ, ಉಪ್ಪು ಗಾಳಿ. ನನ್ನನ್ನು ಕೇಳಿದರೆ ಸಿಎಕ್ಸ್. ಇಳಿಜಾರಿಗೆ ಎರಡೂ ಬೇಡ.

ಬಳ್ಳಾರಿಯ ಸದಸ್ಯ: ಅಣ್ಣ 50 ಒಳ್ಳೆಯದಾ 44 ಒಳ್ಳೆಯದಾ?

ಅಣ್ಣ: ಮೇಲೆ ಹುಬ್ಬಳ್ಳಿಯವರಿಗೆ ಹೇಳಿದ್ದೇನೆ.

ರಾಜಾಜಿನಗರದ ಸದಸ್ಯ: ನಂದಿಬೆಟ್ಟಕ್ಕೆ ನನ್ನದು ಮುಂದೆ 50, ಹಿಂದೆಯೂ 50. ಜೋರು ಹೋದಾಗ ಹಿಂದಿನಿಂದ ಓಲಾಟ ಶುರುವಾಗುತ್ತದೆ. 93ಎ ಹಾಕಿದರೂ ನಿಲ್ಲುತ್ತಿಲ್ಲ. ಏನು ಮಾಡಲಿ?

ಅಣ್ಣ: ಎರಡೂ ಕಡೆ 50 ಇದ್ದರೆ ಮುಂದಿನಷ್ಟೇ ಹಿಂದೆಯೂ ತಿರುಗುತ್ತದೆ. ವೇಗದಲ್ಲಿ ಹಿಂದಿನ ಟ್ರಕ್ ತಿರುಗಲು ಹೋದಾಗಲೇ ಓಲಾಟ ಹುಟ್ಟುವುದು. ಹಿಂದಿನ ಬೇಸ್‌ಪ್ಲೇಟ್ ಕೋನ ಇಳಿಸಬೇಕು. ಕೆಲವರು ಡೆಕ್ಕಿಗೂ ಟ್ರಕ್ಕಿಗೂ ನಡುವೆ ಓರೆ ರೈಸರ್ (ದಪ್ಪ ಪಟ್ಟಿ) ಇಟ್ಟು ಇಳಿಸುತ್ತಾರೆ, ಕೆಲವರು ಕಡಿಮೆ ಕೋನದ ಪ್ಲೇಟನ್ನೇ ಹಾಕುತ್ತಾರೆ. ಪಿವಟ್ ಕಪ್, ಅಂದರೆ ಹ್ಯಾಂಗರಿನ ಮೂತಿ ಕೂರುವ ಬೇಸ್‌ಪ್ಲೇಟಿನ ಬಟ್ಟಲು, ಸವೆದಿದೆಯಾ ನೋಡಿ. ಭಾರ ಮುಂದಿನ ಕಾಲಿನ ಮೇಲಿರಲಿ. ಹೆದರಿದಾಗ ಹಿಂದಕ್ಕೆ ವಾಲುವುದೇ ದೊಡ್ಡ ತಪ್ಪು.

ಇನ್ನೊಂದು ಮಾತು. ಅದು ಕಾರು, ಬೈಕು ಓಡಾಡುವ ರಸ್ತೆ. ತಿರುವಿನ ಆಚೆ ಏನಿದೆ ಅಂತ ನಿಮಗೆ ಕಾಣುವುದಿಲ್ಲ. ಅಲ್ಲಿ ಓಡಿಸುವುದಕ್ಕೆ ನಾನು ಬೋರ್ಡ್ ಕಟ್ಟಿಕೊಡುವುದಿಲ್ಲ.

ರಾಜಾಜಿನಗರದ ಸದಸ್ಯ: ಕೇಳಿದ್ದು ಟ್ರಕ್ ಬಗ್ಗೆ. ಬುದ್ಧಿವಾದ ಕೇಳಲಿಲ್ಲ.

ಇಂದಿರಾನಗರದ ಸದಸ್ಯ: ಈಗ ಗೊತ್ತಾಯಿತಲ್ಲ, ಆರ್‌ಕೆಪಿಯೂ ಓಲಾಡುತ್ತದೆ.

ರಾಜಾಜಿನಗರದ ಸದಸ್ಯ: ನೀನು ಪಾರ್ಕಿಂಗ್ ಜಾಗ ಬಿಟ್ಟು ಹೊರಗೆ ಬಂದಿದ್ದೀಯಾ?

ಡಬ್ಲಿನ್‌ನಲ್ಲಿರುವ ಸದಸ್ಯೆ: ಇಬ್ಬರೂ ಸಾಕು ಮಾಡಿ. ಇನ್ನೂ ಕಲಿಯುವ ಮಕ್ಕಳ ಅಪ್ಪ ಅಮ್ಮ ಓದುತ್ತಿದ್ದಾರೆ. ಅಣ್ಣ, ನನ್ನದು ವೀಲ್‌ಬೈಟ್ ತೊಂದರೆ. 75 ಮಿ.ಮೀ. ಚಕ್ರ, ಜೋರಾಗಿ ತಿರುಗಿಸಿದರೆ ಡೆಕ್ಕಿಗೆ ತಾಗುತ್ತದೆ.

ಅಣ್ಣ: ಚಕ್ರ ತಾಗಿದರೆ ಬೋರ್ಡ್ ತಕ್ಷಣ ನಿಲ್ಲುತ್ತದೆ, ನೀವು ಮುಂದಕ್ಕೆ ಹಾರುತ್ತೀರಿ. 1/4 ಇಂಚು ರೈಸರ್ ಹಾಕಿ, ಬೋಲ್ಟೂ ಈಗಿನದಕ್ಕಿಂತ ಅಷ್ಟು ಹೆಚ್ಚು ಉದ್ದದ್ದು ಬೇಕು. ಇಲ್ಲವೇ 70ರ ಚಕ್ರ ಹಾಕಿ.

ಹುಬ್ಬಳ್ಳಿಯ ಸದಸ್ಯ: 1/4 ರೈಸರ್ ಇಲ್ಲಿ ಎಲ್ಲಿ ಸಿಗುತ್ತದೆ? ಡಬಲ್ ಕಿಂಗ್‌ಪಿನ್ ಬಗ್ಗೆಯೂ ಹೇಳಿ.

ತುಮಕೂರಿನ ಸದಸ್ಯ: ಆದರೂ ಕೊಬ್ಬರಿ ಎಣ್ಣೆ ಹಚ್ಚಿದ ಮೇಲೆ ನನ್ನ ಟ್ರಕ್ ಕಿರಕಿರ ಶಬ್ದ ನಿಲ್ಲಿಸಿತು ಅಣ್ಣ. ಅನುಭವದ ಮಾತು.

ಅಣ್ಣ: ಶಬ್ದ ಬರುವುದು ಪಿವಟ್ ಕಪ್‌ನಿಂದ. ಅದಕ್ಕೆ ಮೇಣದಬತ್ತಿ ಉಜ್ಜಿ ಅಥವಾ ಸೋಪಿನ ಚೂರು ಹಾಕಿ. ಎಣ್ಣೆ ಬೇಡ ಅಂತ ಬೆಳಿಗ್ಗೆಯೇ ಹೇಳಿದ್ದೆ. ಆ ಫಾರ್ವರ್ಡಿನಿಂದ ಒಂದು ಮಗು ಮೂರು ಸಲ ಬಿದ್ದಿದೆ. ಮೇಲೆ ಓದಿ. ಆಮೇಲೂ ಅನುಭವ ಅನ್ನುವುದಾದರೆ ನನ್ನ ಹತ್ತಿರ ಉತ್ತರ ಇಲ್ಲ.

ತುಮಕೂರಿನ ಸದಸ್ಯ: ಒಳ್ಳೆಯದಾಗಲಿ ಅಂತ ಹಾಕಿದೆ. ಇಷ್ಟು ಕೋಪ ಯಾಕೆ?

ಅಡ್ಮಿನ್: ಆ ಮೆಸೇಜ್ ತೆಗೆದಿದ್ದೇನೆ. ಸಾಲುಗಳು ಅಣ್ಣನ ಉತ್ತರದಲ್ಲಿ ಇದ್ದೇ ಇವೆ. ಟಿಕೆಪಿ, ಆರ್‌ಕೆಪಿ ಜಗಳ ಇಲ್ಲಿಗೆ ನಿಲ್ಲಿಸಿ.

ದಾವಣಗೆರೆಯ ತಂದೆ: ಸರ್, ಬೈಕ್ ಮೆಕ್ಯಾನಿಕ್ ಹತ್ತಿರ ಇಂಚಿನ ಸ್ಪ್ಯಾನರ್ ಸಿಕ್ಕಿತು. ಬಿಚ್ಚುವ ಮೊದಲು ನೀವು ಹೇಳಿದ ಪರೀಕ್ಷೆ ಮಾಡಿದೆ. ಒತ್ತಿದ ಕಡೆಯ ಚಕ್ರಗಳು ದೂರ ಹೋದವು. ತಿರುಗಿಸಿ ಕೂರಿಸಿದ ಮೇಲೆ ಹತ್ತಿರ ಬಂದವು. ಒಂದು ಬುಶಿಂಗ್ ಸೀಳಿಹೋಗಿದೆ, ಹೊಸದು ಆರ್ಡರ್ ಮಾಡಿದೆ. ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. "ಹಾಗಾದ್ರೆ ನನ್ನ ತಪ್ಪಲ್ಲ ಅಲ್ವಾ?" ಅಂತ ಕೇಳಿದಳು.

ಅಣ್ಣ: ಅವಳದು ಒಂದಿಷ್ಟೂ ತಪ್ಪಿಲ್ಲ ಅಂತ ನಾನು ಹೇಳಿದೆ ಅನ್ನಿ. ಉಲ್ಟಾ ಬೋರ್ಡ್ ಮೇಲೆ ಅಷ್ಟು ಹೊತ್ತು ನಿಂತಿದ್ದಾಳೆ ಅಂದರೆ ಅವಳ ಬ್ಯಾಲೆನ್ಸ್ ಗಟ್ಟಿ. ಹೊಸ ಬುಶಿಂಗ್ ಬರುವವರೆಗೆ ಹತ್ತಿಸಬೇಡಿ, ಸೀಳಿದ್ದನ್ನು ಮತ್ತೆ ಹಾಕಬೇಡಿ. ಕೂರಿಸಿದ ಮೇಲೆ ಕಿಂಗ್‌ಪಿನ್ ತುದಿ ನಟ್ ಒಳಗಿನ ನೈಲಾನ್ ಬಳೆಯನ್ನು ದಾಟಿರಬೇಕು, ಇಲ್ಲದಿದ್ದರೆ ನಟ್ ಕಳಚಿಕೊಳ್ಳುತ್ತದೆ. ಹೆಲ್ಮೆಟ್, ಮೊಣಕೈ ಮೊಣಕಾಲಿನ ಪ್ಯಾಡ್ ಇಲ್ಲದೆ ಬೇಡ. ಮೊದಲ ದಿನ ಸಮತಟ್ಟಿನಲ್ಲಿ ಮಾತ್ರ, ನೀವು ಪಕ್ಕದಲ್ಲಿ ನಡೆಯಿರಿ. ಅವಳ ಮೈ ಈಗ ಉಲ್ಟಾ ಅಭ್ಯಾಸ ಕಲಿತಿರಬಹುದು, ಅದು ಬಿಡಲು ಎರಡು ಮೂರು ದಿನ ಬೇಕು. ವಿಡಿಯೋ ಕಳಿಸಿ.

ಬಳ್ಳಾರಿಯ ಸದಸ್ಯ: ಹುಬ್ಬಳ್ಳಿಯವರದು 72 ಕೆಜಿ. ನನ್ನದು 80. ನನಗೂ ಅದೇನಾ?