ಪಾಲಿಹೌಸ್ ಸೌತೆಯ ಬೇರಿನಲ್ಲಿ ಗಂಟು: ಗಿಡ ಉಳಿಸಬೇಕಾ, ಕಿತ್ತು ಹಾಕಬೇಕಾ?

ಸೌತೆ_ಜಮಖಂಡಿ

ಎಲ್ಲರಿಗೂ ನಮಸ್ಕಾರ. ಜಮಖಂಡಿ ತಾಲ್ಲೂಕಿನಲ್ಲಿ ನಮ್ಮದು 10 ಗುಂಟೆ ಪಾಲಿಹೌಸ್. ಸಾಲ ಮಾಡಿ ಕಟ್ಟಿಸಿದ್ದು. ಸೌತೆ ಹಾಕುತ್ತಿದ್ದೇನೆ, ಇದು ಮೂರನೇ ಬೆಳೆ. ಮೊದಲನೆಯದು ತುಂಬಾ ಚೆನ್ನಾಗಿ ಬಂತು, ಎರಡನೆಯದು ಸ್ವಲ್ಪ ಕಡಿಮೆ. ಈ ಸಲ ನಾಟಿ ಮಾಡಿ 50 ದಿನ ಆಯಿತು. ಮಧ್ಯಾಹ್ನ ಆದರೆ ಸಾಕು ಎಲೆ ಬಾಡಿ ಜೋತು ಬೀಳುತ್ತವೆ, ಸಂಜೆ ಮತ್ತೆ ಎದ್ದು ನಿಲ್ಲುತ್ತವೆ. ನೀರು ಸಾಲುತ್ತಿಲ್ಲ ಅಂದುಕೊಂಡು ಡ್ರಿಪ್ ಜಾಸ್ತಿ ಬಿಟ್ಟೆ. ಎಲೆ ಹಳದಿ ಆದವು, ಮೆಗ್ನೀಷಿಯಂ ಕೊಟ್ಟೆ. ಏನೂ ಆಗಲಿಲ್ಲ. ನಿನ್ನೆ ಒಂದು ಗಿಡ ಕಿತ್ತು ನೋಡಿದರೆ ಬೇರಿನ ತುಂಬಾ ಗಂಟು, ಸಣ್ಣ ಶುಂಠಿ ತುಂಡುಗಳ ಹಾಗೆ. ಔಷಧಿ ಅಂಗಡಿಯಲ್ಲಿ ಥಿಮೆಟ್ ಹಾಕು ಅಂದರು. ಹಾಕಬಹುದಾ? ಸುಮಾರು ಕಾಲು ಭಾಗ ಗಿಡಗಳು ಹೀಗಿವೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಬೇರುಮಣ್ಣು

ಮೊದಲು ಥಿಮೆಟ್ ವಿಷಯ. ಬೇಡವೇ ಬೇಡ. ಅದರೊಳಗಿರುವುದು ಫೋರೇಟ್ ಅನ್ನುವ ಕಡು ವಿಷದ ಕೀಟನಾಶಕ. ನಮ್ಮ ದೇಶದಲ್ಲಿ ಅದರ ಮಾರಾಟ, ಬಳಕೆ 2020ರ ಡಿಸೆಂಬರ್ ಕೊನೆಗೇ ನಿಂತಿದೆ. ನೀವು ದಿನ ಬಿಟ್ಟು ದಿನ ಕಾಯಿ ಕೊಯ್ಯುತ್ತೀರಿ, ಜನ ಅದನ್ನು ಹಸಿಯಾಗಿ ತಿನ್ನುತ್ತಾರೆ. ದಯವಿಟ್ಟು ಆ ಯೋಚನೆ ಬಿಡಿ.

ನೀವು ಹೇಳಿದ್ದೆಲ್ಲ ಬೇರುಗಂಟು ನೆಮಟೋಡ್, ಅಂದರೆ ಮಣ್ಣಲ್ಲಿರುವ ಅತಿ ಸಣ್ಣ ದುಂಡುಹುಳುವಿನ ಲಕ್ಷಣವೇ. ಶೇಂಗಾ, ಕಡಲೆ ಬೇರಿನಲ್ಲೂ ಗಂಟು ಇರುತ್ತವೆ, ಅವು ಒಳ್ಳೆಯವು, ಉಗುರಿನಿಂದ ಉಜ್ಜಿದರೆ ಉದುರುತ್ತವೆ. ಸೌತೆಯಲ್ಲಿ ಹಾಗಲ್ಲ, ಬೇರೇ ಊದಿಕೊಂಡಿರುತ್ತದೆ. ಕಣ್ಣಿಗೆ ಕಾಣದ ಮರಿಹುಳು ಬೇರಿನ ತುದಿಯಿಂದ ಒಳಗೆ ಹೋಗಿ ಅಲ್ಲೇ ಕೂತು ಬಿಡುತ್ತದೆ. ಹೆಣ್ಣು ಹುಳು ಊದಿಕೊಂಡು ನೂರಾರು ಮೊಟ್ಟೆ ಇಡುತ್ತದೆ. ನಮ್ಮ ಬಿಸಿಲಿಗೆ ಒಂದು ಪೀಳಿಗೆ ಮುಗಿಯಲು 25-30 ದಿನ ಸಾಕು. ಅಂದರೆ ಮೂರು ತಿಂಗಳ ಒಂದು ಸೌತೆ ಬೆಳೆಯಲ್ಲೇ ಮೂರು ಪೀಳಿಗೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಸೌತೆ ಹಾಕಿದರೆ ನಾವೇ ಅದಕ್ಕೆ ಊಟ ಬಡಿಸಿದ ಹಾಗೆ.

ಒಂದು ಕೇಳಬೇಕು. ಬೆಡ್‌ಗೆ ಮಣ್ಣು ಎಲ್ಲಿಂದ ತಂದಿರಿ?

ಸೌತೆ_ಜಮಖಂಡಿ

ನಮ್ಮದು ಎರೆ ಭೂಮಿ. ಅದಕ್ಕೇ ಹೊರಗಿನಿಂದ ಕೆಂಪು ಮಣ್ಣು ಹೊಡೆಸಿದೆ, ಟ್ರ್ಯಾಕ್ಟರ್ ಲೆಕ್ಕದಲ್ಲಿ. ಮೊದಲು ಆ ಹೊಲದಲ್ಲಿ ಟೊಮ್ಯಾಟೊ ಇತ್ತಂತೆ. ಆಗ ಅದೇನು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಬೇರುಮಣ್ಣು

ಬಹುಶಃ ಅಲ್ಲಿಂದಲೇ ಬಂದಿದೆ. ಟೊಮ್ಯಾಟೊ, ಬದನೆ, ಬೆಂಡೆ, ಸೌತೆ ಎಲ್ಲ ಈ ಹುಳುವಿಗೆ ಪ್ರೀತಿ. ಗಟ್ಟಿ ಎರೆಮಣ್ಣಿಗಿಂತ ಮರಳು ಬೆರೆತ ಹಗುರ ಮಣ್ಣಲ್ಲಿ ಇದರ ಓಡಾಟವೂ ಸಲೀಸು. ಸಸಿಯ ಬೇರಿನಲ್ಲೂ ಬರಬಹುದು. ಮುಂದಿನ ಸಲ ಟ್ರೇಯಿಂದ ಹತ್ತು ಸಸಿ ಕಿತ್ತು ಬೇರು ತೊಳೆದು ನೋಡಿಯೇ ತೆಗೆದುಕೊಳ್ಳಿ.

ಗೋಕಾಕ_ತೋಟ

ನನ್ನ ಡಬ್ಬು ಮೆಣಸಿನಕಾಯಿಗೂ ಇದೇ ಗತಿ ಬಂದಿತ್ತು, ಆದ್ದರಿಂದ ಬರೆಯುತ್ತಿದ್ದೇನೆ. ಈಗ ಫೆಬ್ರವರಿ ಕೊನೆ. ಎಲ್ಲ ಕಿತ್ತು ಹಾಕಬೇಡಿ, ಸಾಲದ ಕಂತು ಇದೆ ಅಲ್ವಾ. ತೀರಾ ಕೆಟ್ಟ ಗಿಡಗಳನ್ನು ಮಾತ್ರ ಈಗ ತೆಗೆಯಿರಿ. ಕೈಯಿಂದ ಎಳೆದರೆ ಗಂಟು ಬೇರು ಮಣ್ಣಲ್ಲೇ ಉಳಿಯುತ್ತದೆ, ಸಲಿಕೆಯಿಂದ ಅಗೆದು ಬೇರು ಸಮೇತ ತೆಗೆದು ಒಣಗಿಸಿ ಸುಡಿ. ತಿಪ್ಪೆಗೆ ಹಾಕಬೇಡಿ. ಉಳಿದ ಗಿಡಕ್ಕೆ ನೀರು ಒಮ್ಮೆಲೇ ಬಿಡದೆ ಸ್ವಲ್ಪ ಸ್ವಲ್ಪ ದಿನಕ್ಕೆ ನಾಲ್ಕೈದು ಸಲ ಕೊಡಿ, ಗಂಟಾದ ಬೇರಿಗೆ ಜಾಸ್ತಿ ಹೀರುವ ಶಕ್ತಿ ಇಲ್ಲ. ಕಾಂಡದ ಬುಡಕ್ಕೆ ಎರೆಗೊಬ್ಬರ ಏರಿಸಿ, ಹೊಸ ಬೇರು ಬರುತ್ತವೆ. ಹೀಗೆ ಮಾರ್ಚ್ ಕೊನೆವರೆಗೆ ಕಾಯಿ ಕೊಯ್ಯಿರಿ.

ಏಪ್ರಿಲ್-ಮೇ ಬೆಳೆ ಹಾಕಬೇಡಿ. ಇದನ್ನು ಹೇಳಲಿಕ್ಕೇ ನಾನು ಇಷ್ಟು ಬರೆದದ್ದು. ನಮ್ಮ ಕಡೆ ಬೇಸಿಗೆಯಲ್ಲಿ ಸೌತೆ ಎಳೆದಾಡಿ ಬೆಳೆದು ಸಿಗುವುದು ಅಷ್ಟಕ್ಕಷ್ಟೇ, ಆದರೆ ಅದೇ ಬಿಸಿಲು ಮಣ್ಣು ಸುಟ್ಟು ಹುಳು ಕೊಲ್ಲಲು ಪುಕ್ಕಟೆ ಸಿಗುತ್ತದೆ. ಬೆಡ್ ಸಡಿಲ ಮಾಡಿ, ಚೆನ್ನಾಗಿ ನೀರು ಕೊಡಿ, 25 ಮೈಕ್ರಾನ್ ಪಾರದರ್ಶಕ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ, ಪಾಲಿಹೌಸ್ ಪರದೆಗಳನ್ನೂ ಇಳಿಸಿ ಆರು ವಾರ ಬಿಡಿ. ನೀರು ಕೊಡದೆ ಹೊದಿಸಿದರೆ ಕೆಲಸ ಆಗುವುದಿಲ್ಲ, ಒಣ ಮಣ್ಣಲ್ಲಿ ಶಾಖ ಕೆಳಗೆ ಇಳಿಯುವುದಿಲ್ಲ. ನಾನು ಮೊದಲ ವರ್ಷ ಅದೇ ತಪ್ಪು ಮಾಡಿ ಒಂದು ಬೇಸಿಗೆ ಕಳೆದುಕೊಂಡೆ.

ತೋಟಗಾರಿಕೆ_ಓದು

ಮೇಲಿನವರು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಬಿಸಿಲು ಸುಡುವುದು ಮೇಲಿನ ಒಂದು ಗೇಣು ಮಣ್ಣನ್ನು. ಕೆಳಗೆ ಉಳಿದ ಹುಳು ನಿಧಾನವಾಗಿ ಮೇಲೆ ಬರುತ್ತವೆ. ಅದಕ್ಕೇ ಹಾಳೆ ತೆಗೆದ ಮೇಲೆ ಮಣ್ಣಿಗೆ ಕಾವಲು ಬೇಕು. ಒಂದು ಟನ್ ಕೊಳೆತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ, ಸ್ಯುಡೋಮೊನಾಸ್, ಪರ್ಪ್ಯುರಿಯೋಸಿಲಿಯಂ ಲಿಲಾಸಿನಂ ಅನ್ನುವ ಉಪಕಾರಿ ಸೂಕ್ಷ್ಮಜೀವಿಗಳ ಪುಡಿ ತಲಾ 2 ಕೆಜಿ ಬೆರೆಸಿ, ನೆರಳಲ್ಲಿ ತೇವ ಆರದಂತೆ 15 ದಿನ ಮುಚ್ಚಿಟ್ಟು ಬೆಡ್‌ಗೆ ಹಾಕಿ. ಮೂರನೆಯದು ಹುಳುವಿನ ಮೊಟ್ಟೆ ತಿನ್ನುವ ಶಿಲೀಂಧ್ರ, ಹಳೆಯ ಪೊಟ್ಟಣಗಳ ಮೇಲೆ ಪೆಸಿಲೋಮೈಸಿಸ್ ಅಂತ ಇರುತ್ತದೆ. ಜೊತೆಗೆ ಬೇವಿನ ಹಿಂಡಿ ಚದರ ಮೀಟರ್‌ಗೆ 100 ಗ್ರಾಂ, ನಿಮ್ಮ 10 ಗುಂಟೆಗೆ ಒಂದು ಕ್ವಿಂಟಲ್.

ಔಷಧಿಯಲ್ಲಿ ಫ್ಲುಯೋಪೈರಮ್, ಫ್ಲುಯೆನ್‌ಸಲ್ಫೋನ್ ಅಂತ ಹೊಸವು ಇವೆ. ತರುವ ಮೊದಲು ಲೇಬಲ್ ಮೇಲೆ ಸೌತೆ ಇದೆಯಾ, ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ಓದಿ. ಬೇರಿನೊಳಗೆ ಕೂತ ಹುಳುವಿಗೆ ಈಗ ಸುರಿದರೆ ದುಡ್ಡು ದಂಡ, ನಾಟಿ ಹೊತ್ತಿಗೆ ಕೊಟ್ಟರೆ ಉಪಯೋಗ.

ತಿಕೋಟಾ_ದಾಳಿಂಬೆ

ಚೆಂಡು ಹೂ ಹಾಕಿ ನೋಡಿ ಅಣ್ಣಾ. ದಾಳಿಂಬೆಗೂ ಈ ಹುಳು ಬರುತ್ತದೆ, ನಾವು ಸಾಲಿನ ನಡುವೆ ಹಾಕುತ್ತೇವೆ. ಅದರ ಬೇರಿನಲ್ಲಿರುವ ಅಂಶ ಹುಳುವಿಗೆ ಆಗುವುದಿಲ್ಲ. ಆದರೆ ಸುಮ್ನೆ ಅಂಚಿಗೆ ನಾಲ್ಕು ಗಿಡ ನೆಟ್ಟರೆ ಸಾಲದು, ಬೆಡ್ ತುಂಬಾ ಎರಡು-ಮೂರು ತಿಂಗಳು ಇರಬೇಕು. ಜುಲೈನಲ್ಲಿ ನೆಟ್ಟರೆ ದಸರಾಕ್ಕೆ ಹೂ ಮಾರಬಹುದು.

ಸೌತೆ_ಜಮಖಂಡಿ

ಎಲ್ಲರಿಗೂ ತುಂಬಾ ಧನ್ಯವಾದ. ಮನಸ್ಸಿಗೆ ಧೈರ್ಯ ಬಂತು. ಕೆಟ್ಟ ಗಿಡ ನಾಳೆಯಿಂದ ಅಗೆಯುತ್ತೇನೆ, ಏಪ್ರಿಲ್‌ನಲ್ಲಿ ಹಾಳೆ ಹೊದಿಸುತ್ತೇನೆ. ಅರ್ಧ ಬೆಡ್‌ಗೆ ಚೆಂಡು ಹೂ. ಮಣ್ಣು ಪರೀಕ್ಷೆ ಮಾಡಿಸಬೇಕಾ?

ತೋಟಗಾರಿಕೆ_ಓದು

ಮಾಡಿಸಿ. ಬಾಗಲಕೋಟೆ ಉದ್ಯಾನಗಿರಿಯ ತೋಟಗಾರಿಕೆ ವಿಶ್ವವಿದ್ಯಾಲಯ ನಿಮಗೆ ಹತ್ತಿರ, ಅರಭಾವಿ ಕಾಲೇಜಿನಲ್ಲೂ ಕೇಳಬಹುದು. ಗೊಬ್ಬರದ ಪರೀಕ್ಷೆಗೆ ಮಾಡಿದ ಹಾಗೆ ಮಣ್ಣು ಒಣಗಿಸಬೇಡಿ, ಹುಳು ಸತ್ತರೆ ಲೆಕ್ಕ ಸಿಗುವುದಿಲ್ಲ. ಐದಾರು ಕಡೆ ಬೇರಿನ ಪಕ್ಕ ಒಂದು ಗೇಣು ಆಳದಿಂದ ತೆಗೆದು ಬೆರೆಸಿ, ಕಾಲು ಕೆಜಿ ಮಣ್ಣು, ಒಂದು ಹಿಡಿ ಸಣ್ಣ ಬೇರು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಬಿಸಿಲಿಗೆ ಇಡದೆ ಅವತ್ತೇ ಒಯ್ಯಿರಿ. ಹಾಳೆ ತೆಗೆದ ಮೇಲೆ ಜೂನ್‌ನಲ್ಲಿ ಇನ್ನೊಮ್ಮೆ ಕೊಡಿ.

ಗೋಕಾಕ_ತೋಟ

ಹಾಳೆ ತರುವಾಗ ಕಪ್ಪು ಮಲ್ಚಿಂಗ್ ಹಾಳೆ ತರಬೇಡಿ. ಕಪ್ಪು ಹಾಳೆ ತಾನೇ ಕಾಯುತ್ತದೆ, ಮಣ್ಣು ಅಷ್ಟು ಕಾಯುವುದಿಲ್ಲ. ಪಾರದರ್ಶಕವೇ ಬೇಕು.