2,000 ರೂಪಾಯಿ ಒಳಗೆ ಸಮತೋಲನದ ಸೌಂಡ್ ಇರುವ ಇಯರ್‌ಫೋನ್ ಯಾವುದು?

ಪ್ರಶ್ನೆ (ಕಲಬುರಗಿ):
ನಾನು ತಬಲಾ ಕಲಿಯುತ್ತಿದ್ದೇನೆ. ಗುರುಗಳ ರೆಕಾರ್ಡಿಂಗ್ ಕೇಳುತ್ತಾ ಮನೆಯಲ್ಲಿ ಅಭ್ಯಾಸ. ಸೂಪರ್ ಮಾರ್ಕೆಟ್‌ನಲ್ಲಿ 600 ರೂಪಾಯಿಗೆ ತಂದ ಇಯರ್‌ಫೋನಿನಲ್ಲಿ ಡಗ್ಗಾ (ಎಡಗೈಯಲ್ಲಿ ನುಡಿಸುವ ದೊಡ್ಡದು) ಒಂದೇ ಗುಂ ಅನ್ನುತ್ತದೆ. ಬಲಗೈಯ 'ನಾ', 'ತಿನ್' ಬೋಲ್‌ಗಳು (ಬಡಿತದ ಹೆಸರುಗಳು) ಬೇರೆ ಬೇರೆಯಾಗಿ ಕೇಳುವುದೇ ಇಲ್ಲ. ಯಾವುದು ತಗೊಳ್ಳಲಿ?

ಉತ್ತರ (ಬೀದರ್):
ತಮ್ಮಾ, ಬಾಸ್ ಜಾಸ್ತಿ ಇದ್ದರೆ ಹೀಗೇ ಆಗುವುದು, ಮಧ್ಯದ ಸ್ವರಗಳು ಮುಚ್ಚಿಹೋಗುತ್ತವೆ. ಮೂನ್‌ಡ್ರಾಪ್ ಚು 2 ಅಥವಾ ಸೆವೆನ್ ಹರ್ಟ್ಜ್ ಸಾಲ್‌ನೋಟ್ಸ್ ಝೀರೋ ನೋಡು. ನನ್ನ ಹತ್ತಿರ ಝೀರೋ ಇದೆ. ತಂಬೂರಿಯ ನಾಲ್ಕೂ ತಂತಿ ಎಣಿಸಬಹುದು, ಅಷ್ಟು ಸ್ವಚ್ಛ. ಡಗ್ಗಾದ ಮೀಂಡ್ (ಸ್ವರ ಜಾರುವುದು) ಕೂಡ ಕೇಳುತ್ತದೆ, ಆದರೆ ಎದೆಗೆ ಬಡಿಯುವ ಹಾಗಲ್ಲ. ಎರಡರಲ್ಲೂ ವೈರ್ ಬಿಚ್ಚಬಹುದು, ಕೆಟ್ಟರೆ ವೈರ್ ಮಾತ್ರ ಬದಲಿಸಿದರೆ ಸಾಕು.

ಉತ್ತರ (ಯಾದಗಿರಿ):
ಬ್ಲೂಟೂತ್ ಬೇಡ ರೀ. ಆ್ಯಪ್‌ನಲ್ಲಿ ಲೆಹರಾ (ತಾಳಕ್ಕೆ ತಕ್ಕಂತೆ ಮತ್ತೆ ಮತ್ತೆ ಬರುವ ರಾಗದ ಸಾಲು) ಹಾಕಿ ನುಡಿಸಿ ರೆಕಾರ್ಡ್ ಮಾಡಿದರೆ ಸದ್ದು ತಡವಾಗಿ ಬಂದು ಸಮ್ (ತಾಳದ ಮೊದಲ ಮಾತ್ರೆ) ತಪ್ಪುತ್ತದೆ. ಫೋನಿಗೆ ಜ್ಯಾಕ್ ಇಲ್ಲದಿದ್ದರೆ ಸಿ-ಟೈಪ್ ಡಾಂಗಲ್ ತಗೊಳ್ಳಿ. ಇನ್ನೊಂದು, ರಬ್ಬರ್ ಟಿಪ್ ಕಿವಿಗೆ ಸರಿಯಾಗಿ ಕೂರಬೇಕು. ಗಾಳಿ ಸೋರಿದರೆ ಬಾಸ್ ಹೋಗಿ ಬರೀ ಚುರುಚುರು ಉಳಿಯುತ್ತದೆ. ಡಬ್ಬದಲ್ಲಿ ಬೇರೆ ಬೇರೆ ಅಳತೆಯವು ಬರುತ್ತವೆ, ಎಲ್ಲವನ್ನೂ ಹಾಕಿ ನೋಡಿ.

ಪ್ರಶ್ನೆ ಕೇಳಿದವರು:
ಅಣ್ಣಾ, ಝೀರೋ ತರಿಸಿದೆ. ಮಧ್ಯದ ಟಿಪ್ ಸಡಿಲವಾಗಿತ್ತು, ದೊಡ್ಡದು ಹಾಕಿದ ಮೇಲೆ ಡಗ್ಗಾ ಬಂತು. ನಿನ್ನೆ ಕಾಯ್ದಾದಲ್ಲಿ (ತಬಲಾದ ಒಂದು ರಚನೆ) ಗುರುಗಳು 'ತಿಟ' ಎಲ್ಲಿ ಮೆತ್ತಗೆ ಮಾಡುತ್ತಾರೆ ಅನ್ನುವುದು ಮೊದಲ ಸಲ ಕೇಳಿಸಿತು.